ಟ್ರ್ಯಾಕ್ ಅಗಲ (ರೇಡಿಯೋ ನಿಯಂತ್ರಿತ ಕಾರು)

ರೇಡಿಯೋ ನಿಯಂತ್ರಿತ ಕಾರಿನ ಒಂದೇ ಅಚ್ಚಿನ ಎಡ ಮತ್ತು ಬಲ ಚಕ್ರಗಳ ಮಧ್ಯರೇಖೆಗಳ ನಡುವಿನ ಅಂತರವನ್ನು ಟ್ರ್ಯಾಕ್ ಅಗಲ ಎನ್ನುತ್ತಾರೆ. ಮುಂದಿನ ಮತ್ತು ಹಿಂದಿನ ಟ್ರ್ಯಾಕ್ ಅಗಲಗಳು ಬೇರೆಬೇರೆಯಾಗಿರಬಹುದು. ಒಂದು ಚಕ್ರದ ಹೊರಅಂಚಿನಿಂದ ಮತ್ತೊಂದರ ಹೊರಅಂಚಿನವರೆಗಿನ ಅಳತೆಯು ಒಟ್ಟು ಅಗಲ. ಸ್ಪರ್ಧಾ ನಿಯಮಗಳು ಸಾಮಾನ್ಯವಾಗಿ ಮಿತಿಗೊಳಿಸುವುದು ಈ ಒಟ್ಟು ಅಗಲವನ್ನು. 1/10 ಪ್ರಮಾಣದ ವಿದ್ಯುತ್ ಟೂರಿಂಗ್ ಕಾರುಗಳಿಗೆ 190 ಮಿ.ಮೀ. ಹಾಗೂ ಅದೇ ಪ್ರಮಾಣದ ಬಗ್ಗಿಗಳಿಗೆ 250 ಮಿ.ಮೀ. ಪ್ರಚಲಿತ ಗರಿಷ್ಠ ಮಿತಿಗಳಾಗಿವೆ.

ಅಳೆಯುವ ವಿಧಾನ

ಬ್ಯಾಟರಿ ಸಹಿತ ಕಾರನ್ನು ಸಮತಟ್ಟಾದ ಹಲಗೆಯ ಮೇಲಿರಿಸಿ, ಸಸ್ಪೆನ್ಷನ್ನನ್ನು ಕೆಲವು ಬಾರಿ ಒತ್ತಿ ಬಿಡಬೇಕು. ಸಸ್ಪೆನ್ಷನ್ ತೋಳುಗಳು ಕಮಾನಿನಂತೆ ಚಲಿಸುವುದರಿಂದ ಕಾರಿನ ಎತ್ತರ ಬದಲಾದರೆ ಅಗಲವೂ ಬದಲಾಗುತ್ತದೆ. ಚಕ್ರಗಳನ್ನು ನೇರವಾಗಿರಿಸಿ, ಅಚ್ಚಿನ ಮಟ್ಟದಲ್ಲಿ ಕ್ಯಾಲಿಪರ್‌ನಿಂದ ಒಟ್ಟು ಅಗಲವನ್ನು ಅಳೆಯಲಾಗುತ್ತದೆ. ಅದರಿಂದ ಒಂದು ಚಕ್ರದ ಅಗಲವನ್ನು ಕಳೆದರೆ ಟ್ರ್ಯಾಕ್ ಅಗಲ ದೊರೆಯುತ್ತದೆ. ಉದಾಹರಣೆಗೆ, ಒಟ್ಟು ಅಗಲ 188 ಮಿ.ಮೀ., ಚಕ್ರದ ಅಗಲ 26 ಮಿ.ಮೀ. ಇದ್ದರೆ ಟ್ರ್ಯಾಕ್ ಅಗಲ 162 ಮಿ.ಮೀ. ಚಾಸಿಯ ಮಧ್ಯರೇಖೆಯಿಂದ ಎರಡೂ ಬದಿಗಳ ಅಂತರ ಸಮವಾಗಿದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಹೊಂದಿಸುವ ವಿಧಾನಗಳು

ಮೊದಲನೆಯ ವಿಧಾನದಲ್ಲಿ ಚಕ್ರವನ್ನು ಮಾತ್ರ ಹೊರಕ್ಕೆ ಅಥವಾ ಒಳಕ್ಕೆ ಸರಿಸಲಾಗುತ್ತದೆ. ಇದಕ್ಕಾಗಿ ಬೇರೆ ದಪ್ಪದ ಹೆಕ್ಸ್ ಹಬ್, ತೆಳುವಾದ ಶಿಮ್ ಅಥವಾ ಬೇರೆ ಆಫ್‌ಸೆಟ್‌ನ ಚಕ್ರಗಳನ್ನು ಬಳಸುತ್ತಾರೆ. ಮೇಲಿನ ಉದಾಹರಣೆಯಲ್ಲಿ 5 ಮಿ.ಮೀ. ದಪ್ಪದ ಹೆಕ್ಸ್‌ಗಳ ಬದಲು 6 ಮಿ.ಮೀ. ದಪ್ಪದವನ್ನು ಜೋಡಿಸಿದರೆ ಟ್ರ್ಯಾಕ್ ಅಗಲ 164 ಮಿ.ಮೀ. ಆಗುತ್ತದೆ, ಒಟ್ಟು ಅಗಲ 190 ಮಿ.ಮೀ. ಮಿತಿಯನ್ನು ಮುಟ್ಟುತ್ತದೆ.

ಎರಡನೆಯ ವಿಧಾನದಲ್ಲಿ ತೋಳುಗಳ ಒಳಪಿನ್ನುಗಳನ್ನು ಹಿಡಿದಿರುವ ಆಧಾರಗಳನ್ನೇ ಸರಿಸಲಾಗುತ್ತದೆ. ಆಗ ಮೇಲಿನ ಲಿಂಕ್‌ಗಳು ಮತ್ತು ಸ್ಟಿಯರಿಂಗ್ ಲಿಂಕ್‌ಗಳನ್ನು ಮರುಹೊಂದಿಸದಿದ್ದರೆ ಕ್ಯಾಂಬರ್ ಮತ್ತು ಟೋ ಕೋನಗಳು ಕೆಡುತ್ತವೆ.

ಪರಿಣಾಮಗಳು

ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ವರ್ಗವಾಗುವ ಭಾರವು ಟ್ರ್ಯಾಕ್ ಅಗಲಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಎರಡೂ ಅಚ್ಚುಗಳಲ್ಲಿ ಅಗಲವು 162ರಿಂದ 164 ಮಿ.ಮೀ.ಗೆ ಏರಿ, ಉಳಿದವು ಬದಲಾಗದಿದ್ದರೆ ಈ ವರ್ಗಾವಣೆ ಸುಮಾರು ಶೇ. 1.2ರಷ್ಟು ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಮುಂಭಾಗ ಅಗಲವಾದರೆ ಸ್ಟಿಯರಿಂಗ್ ಸೌಮ್ಯವಾಗುತ್ತದೆ, ಕಿರಿದಾದರೆ ಚುರುಕಾಗುತ್ತದೆ. ಹಿಂಭಾಗ ಅಗಲವಾದರೆ ಸ್ಥಿರತೆ ಹೆಚ್ಚುತ್ತದೆ.

ಆದರೆ ಎರಡು ವಿಧಾನಗಳಿಂದ ಒಂದೇ ಅಳತೆ ಬಂದರೂ ಕಾರಿನ ವರ್ತನೆ ಒಂದೇ ಆಗಿರುವುದಿಲ್ಲ. ಹೆಕ್ಸ್‌ನಿಂದ ಅಗಲಗೊಳಿಸಿದಾಗ ಟೈರು ಸ್ಟಿಯರಿಂಗ್ ತಿರುಗುವ ಅಕ್ಷದಿಂದ ದೂರ ಸರಿಯುತ್ತದೆ. ಆದ್ದರಿಂದ ಉಬ್ಬುತಗ್ಗುಗಳ ಹೊಡೆತ ಸರ್ವೋದ ಮೇಲೆ ಹೆಚ್ಚು ಬೀಳುತ್ತದೆ. ಸ್ಪ್ರಿಂಗ್‌ನ ಮೇಲೆ ಚಕ್ರಕ್ಕಿರುವ ಸನ್ನೆಬಲವೂ ಹೆಚ್ಚಿ, ಸಸ್ಪೆನ್ಷನ್ ತುಸು ಮೆದುವಾದಂತೆ ವರ್ತಿಸುತ್ತದೆ. ಆಧಾರಗಳನ್ನು ಸರಿಸಿದಾಗ ಟೈರು ಮತ್ತು ಆ ಅಕ್ಷದ ನಡುವಿನ ಅಂತರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಆದರೆ ರೋಲ್ ಕೇಂದ್ರ ಬದಲಾಗಬಹುದು.

ಎಚ್ಚರಿಕೆಗಳು

ದಪ್ಪ ಹೆಕ್ಸ್ ಅಥವಾ ಹೆಚ್ಚು ಶಿಮ್‌ಗಳನ್ನು ಬಳಸಿದಾಗ ಚಕ್ರದ ನಟ್ಟಿಗೆ ಉಳಿಯುವ ಎಳೆಗಳು ಕಡಿಮೆಯಾಗುತ್ತವೆ. ನಟ್ಟಿನೊಳಗಿನ ನೈಲಾನ್ ಬಳೆಯು ಎಳೆಗಳನ್ನು ಪೂರ್ಣವಾಗಿ ಹಿಡಿಯದಿದ್ದರೆ ಓಟದ ನಡುವೆ ಚಕ್ರ ಕಳಚಬಹುದು. ಆಧಾರಗಳನ್ನು ಸರಿಸಿದರೆ ಡ್ರೈವ್ ಶಾಫ್ಟ್ ಜಾರಿ ಹೊರಬರದಂತೆ ಸಸ್ಪೆನ್ಷನ್ನಿನ ಪೂರ್ಣ ಚಲನೆಯಲ್ಲಿ ಪರೀಕ್ಷಿಸಬೇಕು. ಟೈರು ಹೊರಕವಚಕ್ಕೆ ತಾಗದಿರುವುದನ್ನೂ ಒಟ್ಟು ಅಗಲವು ನಿಯಮದೊಳಗಿರುವುದನ್ನೂ ಕೊನೆಯಲ್ಲಿ ಮತ್ತೊಮ್ಮೆ ಅಳೆದು ಖಚಿತಪಡಿಸಿಕೊಳ್ಳಬೇಕು.