ಹಿತ್ತಿಲ ತಿಪ್ಪೆ

'ತಿಪ್ಪೆ ಸಾರಿಸುವುದು' ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಅರ್ಥವಿಲ್ಲ. ತಪ್ಪನ್ನು ಒಳಗೆ ಮುಚ್ಚಿ ಮೇಲೆ ನುಣುಪು ಮಾಡುವವನನ್ನು ಹಾಗೆಂದು ಹಳಿಯುತ್ತೇವೆ. ಆದರೆ ತಿಪ್ಪೆಯನ್ನು ನಿಜವಾಗಿಯೂ ಸಾರಿಸುವುದು ಒಂದು ಶಾಸ್ತ್ರ, ಅದಕ್ಕೆ ಬೆಂಗಳೂರಿನ ಹೆಸರೇ ಸಂದಿದೆ ಎಂದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ.

1939ರಲ್ಲಿ ಸಿ. ಎನ್. ಆಚಾರ್ಯ ಎಂಬ ವಿಜ್ಞಾನಿಗಳು ಬೆಂಗಳೂರಿನಲ್ಲಿ ಕಸದಿಂದ ಗೊಬ್ಬರ ಮಾಡುವ ಒಂದು ಕ್ರಮವನ್ನು ರೂಪಿಸಿದರು. ಇಂದೂರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಅವರು ಕಂಡುಕೊಂಡ ಕ್ರಮ 1931ರಲ್ಲಿಯೇ ಗ್ರಂಥವಾಗಿ ಹೊರಬಂದಿತ್ತು. ಅದರಲ್ಲಿ ರಾಶಿಯನ್ನು ಆಗಾಗ ಮಗುಚಬೇಕು, ನೀರು ಚಿಮುಕಿಸಬೇಕು. ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಆಚಾರ್ಯರದು ಸಾವಧಾನದ ಮಾರ್ಗ. ಮೂರಡಿ ಆಳದ ಗುಂಡಿಯಲ್ಲಿ ಊರ ಕಸ, ಅದರ ಮೇಲೆ ಮಲದ ತೆಳುವಾದ ಪದರ, ಮತ್ತೆ ಕಸ, ಹೀಗೆ ತುಂಬಿ, ಮಣ್ಣು ಮೆತ್ತಿ ಸಾರಿಸಿ, ಆರೆಂಟು ತಿಂಗಳು ಮುಟ್ಟದೆ ಬಿಡುವುದು. ಮೊದಲ ಎಂಟು ಹತ್ತು ದಿನ ಒಳಗೆ ಕಾವೇರುತ್ತದೆ. ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕಳಿಯುತ್ತದೆ. ತೇವ ಆರುವುದಿಲ್ಲ, ಸಾರಜನಕದ ನಷ್ಟ ಕಡಮೆ, ಕೂಲಿಯೂ ಕಡಮೆ. ಮನುಷ್ಯರಿಂದ ಹೊರಿಸುತ್ತಿದ್ದ ಆ ಮಲದ ಪದರ ಇಲ್ಲವಾದದ್ದು ನ್ಯಾಯವೇ ಆಯಿತು. ಅದರ ಕೆಲಸವನ್ನು ಸೆಗಣಿ ಮಾಡುತ್ತದೆ. ಕೃಷಿಗ್ರಂಥಗಳಲ್ಲಿ ಆ ಕ್ರಮಕ್ಕೆ ಇಂದಿಗೂ 'ಬೆಂಗಳೂರು ವಿಧಾನ' ಎಂದೇ ಹೆಸರು.

ಶಾಸ್ತ್ರದ ಹೆಸರಿಲ್ಲದೆಯೇ ನಮ್ಮ ದೊಡ್ಡಬಳ್ಳಾಪುರದ ಸೀಮೆಯ ಒಕ್ಕಲುಮನೆಗಳಲ್ಲಿ ಈ ತಿಳಿವು ಹಳೆಯದು. ಅಲ್ಲಿ ಅಡಿಗೆಮನೆಯಿಂದ ಕಸವೆಂಬುದು ಹೊರಬೀಳುತ್ತಲೇ ಇರಲಿಲ್ಲ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿಯ ಸಿಪ್ಪೆ ಕಲಗಚ್ಚಿನ ಬಾನಿಗೆ, ಕಲಗಚ್ಚು ಹಸುವಿಗೆ, ಸೆಗಣಿ, ಒಲೆಯ ಬೂದಿ, ರೇಷ್ಮೆಹುಳು ತಿಂದುಳಿಸಿದ ಹಿಪ್ಪುನೇರಳೆಯ ಎಲೆ ತಿಪ್ಪೆಗೆ, ತಿಪ್ಪೆ ರಾಗಿಯ ಹೊಲಕ್ಕೆ. ದೀಪಾವಳಿಯಲ್ಲಿ ಹೊಸ್ತಿಲಿಗೆ ಇಟ್ಟಂತೆ ತಿಪ್ಪೆಯ ಮೇಲೂ ಒಂದು ಹಣತೆ ಇಡುವ ಮನೆಗಳುಂಟು. ಹುಟ್ಟಿದ ಮಕ್ಕಳು ಉಳಿಯದ ಮನೆಯವರು ಕೂಸನ್ನು ತಿಪ್ಪೆಯಲ್ಲಿ ಹೊರಳಿಸಿ ತಿಪ್ಪಣ್ಣನೆಂದೋ ತಿಪ್ಪಮ್ಮನೆಂದೋ ಕರೆದರು. ಇದು ಯಮನಿಗೂ ಬೇಡವಾಗಲಿ ಎಂಬ ಉಪಾಯವೋ, ಕೊಳೆತದ್ದನ್ನೂ ಚಿಗುರಿಸುವ ತಾಣವೆಂಬ ನಂಬಿಕೆಯೋ! ಎರಡೂ ಇದ್ದೀತು.

ಇಂಥ ಸೀಮೆಗೆ ರಾಜಧಾನಿಯ ತಿಪ್ಪೆ ಲಾರಿಯಲ್ಲಿ ಬಂದಿತು. ಈ ಶತಮಾನದ ಎರಡನೆಯ ದಶಕದಲ್ಲಿ ನಮ್ಮ ತಾಲ್ಲೂಕಿನ ಚಿಗರೇನಹಳ್ಳಿ, ಗುಂಡ್ಲಹಳ್ಳಿಗಳ ಘಟಕಗಳಿಗೆ ಬೆಂಗಳೂರಿನ ಕಸ ಹರಿದುಬಂದಾಗ ಸುತ್ತಣ ಗ್ರಾಮಸ್ಥರು ದುರ್ನಾತ, ನೊಣ, ಕೆಟ್ಟ ನೀರು ಎಂದು ಗೋಳಾಡಿ ಲಾರಿಗಳನ್ನು ತಡೆದರು. ಹೊಸಕೋಟೆಯ ದಿಕ್ಕಿನ ಮಂಡೂರಿನಲ್ಲಿಯೂ ಜನ ಹೋರಾಡಿ 2014ರಲ್ಲಿ ಕಸ ಸುರಿಯುವುದನ್ನು ನಿಲ್ಲಿಸಿದರು. ಹಳ್ಳಿಯವರಿಗೆ ಇಷ್ಟು ಮಡಿಯೆ ಎಂದು ಪಟ್ಟಣದ ಸ್ನೇಹಿತರೊಬ್ಬರು ನನ್ನೊಡನೆ ಮೂಗು ಮುರಿದರು. ತಿಪ್ಪೆಗೆ ದೀಪವಿಟ್ಟ ಜನರಿಗೆ ತಿಪ್ಪೆಯ ಮೇಲೆ ಅಸಹ್ಯವೆಲ್ಲಿಯದು? ಬಂದದ್ದು ತಿಪ್ಪೆಯಾಗಿರಲಿಲ್ಲ, ಅಷ್ಟೆ. ಅನ್ನ, ಗಾಜು, ಪ್ಲಾಸ್ಟಿಕ್ಕು, ಔಷಧದ ಸೂಜಿ ಒಂದೇ ಚೀಲದಲ್ಲಿ ಕಲಸಿಹೋದರೆ ಯಾವ ಮಣ್ಣು ತಾನೆ ಅದನ್ನು ಜೀರ್ಣಿಸೀತು? ಹಸಿಕಸವನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದ್ದವು. ಬೇರ್ಪಡಿಸಿದ್ದನ್ನು ಲಾರಿಗೇ ಕೊಡಬೇಕೇಕೆ, ಹಿತ್ತಿಲಿದ್ದವರು ಹಿತ್ತಿಲಿಗೇ ಕೊಡಬಹುದಲ್ಲ ಎಂದುಕೊಂಡು ನಾನೂ ಒಂದು ಗುಂಡಿ ತೋಡಿದೆ.

ಪಾಂಡಿತ್ಯ ಮೊದಲ ತಿಂಗಳಿಗೇ ಕೈಕೊಟ್ಟಿತು. ಮಿಕ್ಕ ಅನ್ನ, ಹುಳಿ, ಕಾಫಿಯ ಚರಟ ಎಲ್ಲವನ್ನೂ ದಿನವೂ ಸುರಿಯುತ್ತಿದ್ದೆ. ನಾತ ಬೇಲಿ ದಾಟಿತು. ಪಕ್ಕದ ಮನೆಯ ಅಜ್ಜಿ ಬಂದು ಬಗ್ಗಿ ನೋಡಿ, "ಏನ್ ಮೇಷ್ಟ್ರೆ, ನಿಮ್ ಗುಂಡಿಗೆ ಅಜೀರ್ಣ ಆಗೈತೆ. ಬರೀ ಸಾರನ್ನ ಉಣ್ಸಿದ್ರೆ ಇನ್ನೇನಾದೀತು? ಒಣಗಿದ ಎಲೆ ಹಾಕಿ" ಎಂದರು. ಸಾರಜನಕದ ಒಂದು ಪಾಲಿಗೆ ಇಂಗಾಲ ಇಪ್ಪತ್ತೈದು ಮೂವತ್ತು ಪಾಲು ಇರಬೇಕೆಂದು ನಾನು ಪುಸ್ತಕದಲ್ಲಿ ಓದಿದ್ದೂ ಅದನ್ನೇ! ಅಂದಿನಿಂದ ಮಾಘ ಫಾಲ್ಗುಣದಲ್ಲಿ ಉದುರುವ ಹೊಂಗೆಯ ಎಲೆಯನ್ನು ಗೋಣಿಯಲ್ಲಿ ತುಂಬಿಡುತ್ತೇನೆ. ಒಂದು ಹಿಡಿ ಹಸಿ ಬಿದ್ದರೆ ಮೇಲೆ ಎರಡು ಹಿಡಿ ಎಲೆ, ಚೂರು ಹಳೆಯ ಗೊಬ್ಬರ. ಎಣ್ಣೆ, ಉಪ್ಪಿನಕಾಯಿ ಹತ್ತಿರ ಸುಳಿಯಕೂಡದು. ದೇವನಹಳ್ಳಿಯ ಚಕ್ಕೋತದ ಸಿಪ್ಪೆಯಂತೂ ಮಹಾ ಹಟಮಾರಿ. ಸಣ್ಣಗೆ ಹೆಚ್ಚಿ ಹಾಕದಿದ್ದರೆ ಕರಗುವುದೇ ಇಲ್ಲ. ಹದಕ್ಕೆ ಬಂದ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನಂತೆ ಕಂಪಿಸುತ್ತದೆ.

ಈ ಸಲ ಅವರೆಯ ಸುಗ್ಗಿಯಲ್ಲಿ ಅಜ್ಜಿಯ ಮನೆಯ ಹಿತಕಿದ ಸಿಪ್ಪೆಯೂ ಮೊರದಲ್ಲಿ ಬೇಲಿ ದಾಟಿ ನನ್ನ ಗುಂಡಿಗೆ ಬಂದಿದೆ. ಅದಕ್ಕೆ ಬದಲಾಗಿ ಯುಗಾದಿಯ ಹೊತ್ತಿಗೆ ದಾಸವಾಳದ ಬುಡಕ್ಕೆ ಎರಡು ಮಂಕರಿ ಗೊಬ್ಬರ ಕೊಡಬೇಕೆಂದು ತಾಕೀತು ಮಾಡಿ ಹೋಗಿದ್ದಾರೆ.