ಹೊಗೆಸೊಪ್ಪೂ ಅರ್ಬುದರೋಗವೂ

ಆರೋಗ್ಯಶಾಸ್ತ್ರದ ಪಾಠದಲ್ಲಿ ಹೊಗೆಸೊಪ್ಪಿನ ಕೆಡುಕನ್ನು ಕುರಿತು ಹೇಳುತ್ತಿದ್ದಾಗ ಮೇಲಿನ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಅಮ್ಮನವರೇ, ಬೀಡಿ ಸಿಗರೇಟು ಸೇದುವವರು ಗಂಡಸರು; ಈ ಪಾಠ ನಮಗೇಕೆ?” ಎಂದು ಕೇಳಿದಳು. ಪ್ರಶ್ನೆಯು ಉಚಿತವಾದುದೇ. ಅದಕ್ಕೆ ನಾವು ಕೊಟ್ಟ ಉತ್ತರವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮುಂದೆಯೂ ಇಡುವುದು ಯುಕ್ತವೆಂದು ತೋರಿದುದರಿಂದ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ಅರ್ಬುದ, ಎಂದರೆ ಕ್ಯಾನ್ಸರ್, ದೇಹದ ಜೀವಕಣಗಳು ತಮ್ಮ ಮೇರೆಯನ್ನು ಮೀರಿ ಬೆಳೆದು ಅಂಗಾಂಗಗಳನ್ನು ಕೆಡಿಸುವ ರೋಗವು. ಬಹುಕಾಲದವರೆಗೆ ಜನರು ಇದನ್ನು ವಿಧಿಯೆಂದೇ ಎಣಿಸಿ ಸುಮ್ಮನಿದ್ದರು. 1775ರಲ್ಲಿ ಲಂಡನ್ ನಗರದ ಶಸ್ತ್ರವೈದ್ಯರಾದ ಪರ್ಸಿವಲ್ ಪಾಟ್ ಎಂಬವರು, ಚಿಕ್ಕಂದಿನಲ್ಲಿಯೇ ಹೊಗೆಗೂಡುಗಳನ್ನು ಗುಡಿಸುವ ಕೆಲಸಕ್ಕೆ ಸೇರಿದವರಲ್ಲಿ ಒಂದು ಬಗೆಯ ಚರ್ಮದ ಅರ್ಬುದವು ಕಾಣಿಸಿಕೊಳ್ಳುವುದನ್ನು ಗಮನಿಸಿ, ಅದಕ್ಕೆ ಮಸಿಯೇ ಕಾರಣವೆಂದು ಬರೆದರು. 1915ರಲ್ಲಿ ಜಪಾನಿನ ಯಾಮಗಿವಾ ಮತ್ತು ಇಚಿಕಾವಾ ಎಂಬ ವಿದ್ವಾಂಸರು ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಟಾರನ್ನು ಹಚ್ಚಿ ಅರ್ಬುದವನ್ನು ಬರಿಸಿ ತೋರಿಸಿದರು. ಹೊರಗಿನ ಪದಾರ್ಥವೂ ಈ ರೋಗವನ್ನು ಉಂಟುಮಾಡಬಲ್ಲುದೆಂಬುದು ಹೀಗೆ ಪ್ರತ್ಯಕ್ಷವಾಯಿತು.

ಸಿಗರೇಟಿನ ಚಟವು ಹಬ್ಬಿದ ಮೇಲೆ ಶ್ವಾಸಕೋಶದ ಅರ್ಬುದವೂ ಹೆಚ್ಚುತ್ತ ಬಂದಿತು. ಮೋಟಾರು ಬಂಡಿಗಳ ಹೊಗೆಯೋ ರಸ್ತೆಯ ಟಾರೋ ಕಾರಣವಾಗಿರಬಹುದೆಂಬ ಶಂಕೆಯೂ ಇದ್ದಿತು. ಇಂಗ್ಲೆಂಡಿನಲ್ಲಿ ರಿಚರ್ಡ್ ಡಾಲ್, ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬವರು ಆಸ್ಪತ್ರೆಯ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಲೆಕ್ಕವಿಟ್ಟು 1950ರಲ್ಲಿ ಪ್ರಕಟಿಸಿದರು. ಶ್ವಾಸಕೋಶದ ಅರ್ಬುದವಿದ್ದ 649 ಗಂಡಸರಲ್ಲಿ ಧೂಮಪಾನ ಮಾಡದವರು ಇಬ್ಬರೇ. ಬೇರೆ ರೋಗಗಳಿಂದ ನರಳುತ್ತಿದ್ದ ಅಷ್ಟೇ ಮಂದಿಯಲ್ಲಿ ಅಂತಹವರು 27. ವಿಚಾರಣೆಯು ಮುಗಿಯುವ ಮುನ್ನವೇ ಡಾಲ್ ಅವರು ತಾವು ಸೇದುತ್ತಿದ್ದುದನ್ನು ಬಿಟ್ಟರು.

ಅದೇ ವರ್ಷ ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಂ ಎಂಬವರು ಇದೇ ಸಂಗತಿಯನ್ನು ಕಂಡರು. ಇವರಲ್ಲಿ ಇವಾರ್ಟ್ಸ್ ಗ್ರಹಾಂ ಅವರು 1933ರಲ್ಲಿ ಅರ್ಬುದವಿದ್ದ ಶ್ವಾಸಕೋಶವೊಂದನ್ನು ಪೂರ್ತಿಯಾಗಿ ತೆಗೆದು ರೋಗಿಯನ್ನು ಉಳಿಸಿದ ಪ್ರಸಿದ್ಧ ಶಸ್ತ್ರವೈದ್ಯರು. ಬಹುಕಾಲ ಸಿಗರೇಟು ಸೇದಿ ಕಡೆಗೆ ಬಿಟ್ಟ ಅವರು 1957ರಲ್ಲಿ ಅದೇ ರೋಗದಿಂದ ತೀರಿಕೊಂಡರು. ಅವರ ಕೈಯಿಂದ ಬದುಕಿದ ರೋಗಿಯು ಅವರ ತರುವಾಯವೂ ಜೀವಿಸಿದ್ದನು.

ಲಂಡನ್ನಿನ ವೈದ್ಯರ ಮಹಾಸಂಸ್ಥೆಯು 1962ರಲ್ಲಿಯೂ, ಅಮೆರಿಕದ ಸರಕಾರದ ಮುಖ್ಯ ವೈದ್ಯಾಧಿಕಾರಿಯು 1964ರಲ್ಲಿಯೂ ಈ ಸತ್ಯವನ್ನು ಜನರಿಗೆ ಸಾರಿದರು. ನಮ್ಮ ದೇಶದಲ್ಲಿ 2003ರ ಕಾನೂನು ಶಾಲೆಗಳಿಂದ 100 ಗಜದೊಳಗೆ ಇವುಗಳ ಮಾರಾಟವನ್ನು ನಿಷೇಧಿಸಿತು. ಆದರೆ ಕಾನೂನು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬರಲಾರದು. ಆ ಹುಡುಗಿಯ ಪ್ರಶ್ನೆಗೆ ಉತ್ತರವಿರುವುದು ಇಲ್ಲಿಯೇ.

1981ರಲ್ಲಿ ಜಪಾನಿನ ಹಿರಾಯಾಮಾ ಎಂಬವರು, ತಾವು ಧೂಮಪಾನ ಮಾಡದ 91,540 ಮಂದಿ ಗೃಹಿಣಿಯರ ವೃತ್ತಾಂತವನ್ನು 14 ವರ್ಷಗಳ ಕಾಲ ಪರಿಶೀಲಿಸಿದುದರ ಫಲವನ್ನು ಪ್ರಕಟಿಸಿದರು. ಗಂಡಂದಿರು ಹೆಚ್ಚಾಗಿ ಸೇದುತ್ತಿದ್ದ ಮನೆಗಳಲ್ಲಿ ಹೆಂಡಂದಿರಿಗೆ ಶ್ವಾಸಕೋಶದ ಅರ್ಬುದವು ಹೆಚ್ಚಾಗಿ ತಗುಲಿದ್ದಿತು. ಸೇದುವವನು ಒಬ್ಬನಾದರೂ ಹೊಗೆಯು ಮನೆಯವರೆಲ್ಲರದು.

ಇನ್ನು ಹೊಗೆಯಿಲ್ಲದ ಹೊಗೆಸೊಪ್ಪಿನ ಮಾತು. ಆಗಿನ ತಿರುವಾಂಕೂರು ಸಂಸ್ಥಾನದಲ್ಲಿದ್ದ ನೆಯ್ಯೂರಿನ ಮಿಷನ್ ಆಸ್ಪತ್ರೆಯ ವೈದ್ಯರಾದ ಆರ್ ಎಂಬವರು, ಎಲೆಯಡಿಕೆಯನ್ನು ಹೊಗೆಸೊಪ್ಪಿನೊಡನೆ ಅಗಿಯುವುದಕ್ಕೂ ಬಾಯಿಯ ಅರ್ಬುದಕ್ಕೂ ಇರುವ ಸಂಬಂಧವನ್ನು 1933ರಲ್ಲಿಯೇ ಬರೆದು ತಿಳಿಸಿದರು. ಹೊಗೆಸೊಪ್ಪಿಲ್ಲದ ಅಡಿಕೆಯೂ ನಿರಪಾಯವಲ್ಲವೆಂದು ಅಂತರರಾಷ್ಟ್ರೀಯ ತಜ್ಞರ ತೀರ್ಮಾನವು 2004ರಲ್ಲಿ ಪ್ರಕಟವಾಯಿತು. ಬೀಡಿಯನ್ನು ಮುಟ್ಟದ ನಮ್ಮ ಎಷ್ಟೋ ಅಜ್ಜಿಯರು ದವಡೆಯಲ್ಲಿ ಕಡ್ಡಿಪುಡಿಯನ್ನು ಇಟ್ಟುಕೊಂಡೇ ನಿದ್ರೆಮಾಡುತ್ತಾರೆ. ಮಂಗಳಕಾರ್ಯದಲ್ಲಿ ತಾಂಬೂಲವನ್ನು ಕೊಟ್ಟು ಗೌರವಿಸುವುದು ಬೇರೆ. ದಿನವಿಡೀ ಅದನ್ನು ಅಗಿಯುವುದು ಬೇರೆ. ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆಯಾಗಲಿ, ಎರಡು ಮೂರು ವಾರಗಳಾದರೂ ಮಾಯದ ಹುಣ್ಣಾಗಲಿ ಕಂಡುಬಂದರೆ ನೋವಿಲ್ಲವೆಂದು ಉದಾಸೀನ ಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ಮಾರನೆಯ ದಿನ ಅದೇ ಹುಡುಗಿಯು ಒಬ್ಬಳೇ ನಮ್ಮ ಕೊಠಡಿಗೆ ಬಂದು, “ನಮ್ಮ ತಂದೆಯವರಿಗೆ ನಲವತ್ತು ತುಂಬಿತು. ಈಗ ಬಿಟ್ಟರೂ ಪ್ರಯೋಜನವುಂಟೇ?” ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಡಾಲ್ ಮತ್ತು ಹಿಲ್ ಅವರು 1951ರಲ್ಲಿ ಬ್ರಿಟನ್ನಿನ ವೈದ್ಯರಿಗೆಲ್ಲ ಕಾಗದ ಬರೆದು ಆರಂಭಿಸಿದ ವಿಚಾರಣೆಯು ಐವತ್ತು ವರ್ಷ ನಡೆಯಿತು. ಸಿಗರೇಟನ್ನು ಬಿಡದವರ ಆಯುಸ್ಸು ಸರಾಸರಿ 10 ವರ್ಷ ಕಡಿಮೆಯಾಗುವುದೆಂದೂ, 60ರಲ್ಲಿ ಬಿಟ್ಟವರಿಗೆ ಸುಮಾರು 3, 50ರಲ್ಲಿ 6, 40ರಲ್ಲಿ 9 ವರ್ಷಗಳು ಮರಳಿ ದೊರೆಯುವುವೆಂದೂ 2004ರಲ್ಲಿ ತಿಳಿದುಬಂದಿತು. ನಾವು ಒಂದು ಚೀಟಿಯ ಮೇಲೆ “ಒಂಬತ್ತು ವರ್ಷ” ಎಂದು ಬರೆದು ಅವಳ ಕೈಗೆ ಕೊಟ್ಟೆವು.

ತಂದೆಗೆ ಬುದ್ಧಿ ಹೇಳುವುದು ಮಗಳಿಗೆ ಸುಲಭವಲ್ಲ. ಆದರೆ ಮಗಳು ಪ್ರೀತಿಯಿಂದ ಮುಂದಿಟ್ಟ ಚೀಟಿಯನ್ನು ಓದದೆ ಮಡಿಸಿಡುವುದು ತಂದೆಗೂ ಸುಲಭವಲ್ಲವೆಂದು ನಾವು ನಂಬಿದ್ದೇವೆ.