ಸೋಂಕು ತಗುಲಿದ ಕಂಪ್ಯೂಟರಿನ ಮಾತನ್ನು ನಂಬಬಹುದೇ?

ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕ ಸಂಗತಿ ಮನೆಯವರಿಗಿಂತ ಮೊದಲು ಹೊರಗಿನಿಂದ ಬಂದ ಬಂಧುಗಳಿಗೆ ಗೊತ್ತಾಗುವುದುಂಟು; ದಿನವೂ ಅದನ್ನು ಬಳಸುವವರು ಅದರ ನಿಧಾನಗತಿಗೂ ತಾನಾಗಿ ತೆರೆದುಕೊಳ್ಳುವ ಜಾಹೀರಾತುಗಳಿಗೂ ಒಗ್ಗಿಹೋಗಿರುತ್ತಾರೆ. ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲಿ 1996ರಿಂದ ಹಿರಾಶುಗರ ತಾಂತ್ರಿಕ ಮಹಾವಿದ್ಯಾಲಯವಿರುವುದರಿಂದ ಸುತ್ತಲಿನ ಊರುಗಳ ಬಳಗಗಳಲ್ಲಿ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಸಿಗುವುದು ಕಷ್ಟವಲ್ಲ, ಕಾಕಾನ ಮನೆಯ ಕಂಪ್ಯೂಟರನ್ನು 'ಜರಾ ನೋಡು' ಎಂಬ ಕೆಲಸ ಬರುವುದೂ ಅವರ ಪಾಲಿಗೇ. ಹಾಗೆ ನೋಡಲು ಕುಳಿತವರು ಸಾಮಾನ್ಯವಾಗಿ ಅದೇ ಯಂತ್ರಕ್ಕೆ ವೈರಸ್ ನಿರೋಧಕ ತಂತ್ರಾಂಶವೊಂದನ್ನು ಹಾಕಿ, ಅದು 'ಎಲ್ಲ ಸ್ವಚ್ಛ' ಎಂದೊಡನೆ ಎದ್ದುಬಿಡುತ್ತಾರೆ. ಇದು ಕಳ್ಳನನ್ನೇ ಪಂಚನಾಗಿ ನಿಲ್ಲಿಸಿ ಪಂಚನಾಮೆ ಬರೆಸಿದಂತಾಗುತ್ತದೆ ಎಂಬುದಕ್ಕೆ ಗಣಕ ವಿಜ್ಞಾನದಲ್ಲಿ ಗಟ್ಟಿ ಕಾರಣಗಳಿವೆ.

ಮತ್ತೊಂದು ಪ್ರೋಗ್ರಾಮಿನೊಳಗೆ ತನ್ನ ಪ್ರತಿಯನ್ನು ಸೇರಿಸಿ, ಅದು ಚಾಲನೆಗೊಂಡಾಗಲೆಲ್ಲ ತಾನೂ ಚಾಲನೆಗೊಂಡು ಹರಡುವ ಸೂಚನೆಗಳ ಸರಣಿಯೇ ಕಂಪ್ಯೂಟರ್ ವೈರಸ್. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಫ್ರೆಡ್ ಕೋಹೆನ್ 1983ರಲ್ಲಿ ಇಂಥ ಪ್ರೋಗ್ರಾಮೊಂದನ್ನು ಬರೆದು ತೋರಿಸಿದಾಗ, ಆ ಹೆಸರನ್ನು ಸೂಚಿಸಿದವರು ಅವರ ಗುರು ಲೆನ್ ಆಡ್ಲ್‌ಮನ್. ಮೂರು ವರ್ಷಗಳ ತರುವಾಯ, 1986ರಲ್ಲಿ, ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಅಲ್ವಿ ಸಹೋದರರ 'ಬ್ರೇನ್' ಹೊರಬಿತ್ತು. ಬರೆದವರು ತಮ್ಮ ಅಂಗಡಿಯ ವಿಳಾಸವನ್ನೂ ದೂರವಾಣಿ ಸಂಖ್ಯೆಯನ್ನೂ ಅದರೊಳಗೇ ಇಟ್ಟಿದ್ದರೆಂಬುದು ಇಂದಿನ ಕಾಲಕ್ಕೆ ಮುಗ್ಧತೆಯಂತೆ ಕಾಣುತ್ತದೆಯಾದರೂ, ಅದರ ಕೈಚಳಕ ಮುಗ್ಧವಾಗಿರಲಿಲ್ಲ. ಯಂತ್ರ ಶುರುವಾದೊಡನೆ ಮೊದಲು ಓದಲ್ಪಡುವ ಫ್ಲಾಪಿಯ ಭಾಗವನ್ನು, ಅಂದರೆ ಬೂಟ್ ಸೆಕ್ಟರನ್ನು, ಅದು ಆಕ್ರಮಿಸಿ ಮೂಲ ಭಾಗವನ್ನು ಬೇರೆಡೆ ಅಡಗಿಸಿಡುತ್ತಿತ್ತು. ಯಾರಾದರೂ ಆ ಜಾಗವನ್ನು ಪರೀಕ್ಷಿಸಹೊರಟರೆ ಕೋರಿಕೆಯನ್ನು ನಡುವೆಯೇ ತಡೆದು ಅಡಗಿಸಿಟ್ಟ ಮೂಲವನ್ನೇ ತೋರಿಸುತ್ತಿತ್ತು. ಐಬಿಎಂ ಮಾದರಿಯ ಕಂಪ್ಯೂಟರುಗಳನ್ನು ಕಾಡಿದ ಮೊದಲ ವೈರಸ್ಸೇ ಪರೀಕ್ಷಕನಿಗೆ ಸುಳ್ಳು ಹೇಳುವುದನ್ನು ಬಲ್ಲದ್ದಾಗಿತ್ತು.

ಫ್ಲಾಪಿಯ ಜಾಗಕ್ಕೆ ಪೆನ್‌ಡ್ರೈವ್ ಬಂದ ಮೇಲೆ ಸುಳ್ಳಿನ ರೂಪ ಬದಲಾಯಿತು. ಉತಾರವನ್ನೋ ಲಗ್ನಪತ್ರಿಕೆಯನ್ನೋ ಮುದ್ರಿಸಲು ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವಿನಲ್ಲಿ ಮೊದಲಿನ ಫೋಲ್ಡರುಗಳೇ ಇರುವಂತೆ ತೋರಿದರೂ, ಗಮನಿಸಿದರೆ ಪ್ರತಿಯೊಂದರ ಚಿತ್ರದ ಎಡಮೂಲೆಯಲ್ಲಿ ಸಣ್ಣದೊಂದು ಬಾಗಿದ ಬಾಣವಿರುತ್ತದೆ ಮತ್ತು ಅದರ ಗಾತ್ರ ಒಂದೆರಡು ಕಿಲೋಬೈಟಿಗಷ್ಟೇ ನಿಂತಿರುತ್ತದೆ. ಅದು ಫೋಲ್ಡರಲ್ಲ, ಶಾರ್ಟ್‌ಕಟ್. ನಿಜವಾದ ಫೋಲ್ಡರಿಗೆ 'ಅಡಗಿಸು' ಎಂಬ ಗುಣವನ್ನು ಹಚ್ಚಿರುವ ವೈರಸ್, ಶಾರ್ಟ್‌ಕಟ್ಟನ್ನು ಒತ್ತಿದಾಗ ಮೊದಲು ತನ್ನನ್ನು ಚಾಲನೆಗೊಳಿಸಿಕೊಂಡು ಅನಂತರ ಫೋಲ್ಡರನ್ನು ತೆರೆದುಕೊಡುವುದರಿಂದ ಬಳಸುವವರಿಗೆ ಏನೂ ಕೊರತೆ ಕಾಣುವುದಿಲ್ಲ. 2008ರ ನವೆಂಬರಿನಲ್ಲಿ ಪತ್ತೆಯಾದ ಕಾನ್‌ಫಿಕರ್ ಇನ್ನೂ ಮುಂದುವರಿದು, ಸೋಂಕಿದ ಯಂತ್ರವು ನಿರೋಧಕ ಕಂಪನಿಗಳ ತಾಣಗಳನ್ನು ತಲುಪದಂತೆ ತಡೆದರೆ, ಸಾಲಿಟಿ ಎಂಬ ವೈರಸ್ ಕಂಪ್ಯೂಟರಿನಲ್ಲಿರುವ ಇತರ ಪ್ರೋಗ್ರಾಮುಗಳಿಗೆ ಒಂದೊಂದಾಗಿ ಅಂಟಿಕೊಂಡು, ದುರಸ್ತಿಗೆ ಬೇಕಾದ ಸೇಫ್ ಮೋಡನ್ನೇ ಕೆಡಿಸಿಬಿಡುತ್ತಿತ್ತು.

ನಿರೋಧಕ ತಂತ್ರಾಂಶಗಳು ಮುಖ್ಯವಾಗಿ ಪರಿಚಿತ ವೈರಸ್ಸುಗಳ ಕುರುಹನ್ನು, ಅಂದರೆ ಅವುಗಳಿಗೇ ವಿಶಿಷ್ಟವಾದ ಬೈಟುಗಳ ಸಾಲನ್ನು, ಹುಡುಕುವುದರ ಜೊತೆಗೆ ಅನುಮಾನಾಸ್ಪದ ನಡವಳಿಕೆಯನ್ನೂ ಗಮನಿಸುತ್ತವೆ. ಪ್ರತಿಯೊಂದು ಪ್ರತಿಯಲ್ಲೂ ತನ್ನ ರೂಪವನ್ನು ಬದಲಿಸಿಕೊಳ್ಳುವ ವೈರಸ್ಸಿನ ಮುಂದೆ ಕುರುಹಿನ ಉಪಾಯ ಸೋಲುತ್ತದೆ. ಎಲ್ಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಗುರುತಿಸುವ ಪ್ರೋಗ್ರಾಮು ಅಸಾಧ್ಯವೆಂಬುದನ್ನು ಕೋಹೆನ್ ತರ್ಕದಿಂದಲೇ ಸಾಧಿಸಿದ್ದಾರೆ: ಅಂಥ ಪರೀಕ್ಷಕವೊಂದಿದೆ ಎಂದಿಟ್ಟುಕೊಂಡರೆ, ತನ್ನನ್ನು ಅದು ವೈರಸ್ ಎಂದರೆ ಹರಡದೆ ಸುಮ್ಮನಿರುವ, ಅಲ್ಲವೆಂದರೆ ಹರಡುವ ಪ್ರೋಗ್ರಾಮನ್ನು ಬರೆಯಬಹುದು, ಆಗ ಪರೀಕ್ಷಕದ ಯಾವ ಉತ್ತರವೂ ತಪ್ಪಾಗುತ್ತದೆ. ಇದು ನಿರೋಧಕಗಳು ನಿಷ್ಪ್ರಯೋಜಕವೆಂಬುದಕ್ಕೆ ಪುರಾವೆಯಲ್ಲ. ಅವುಗಳ 'ಎಲ್ಲ ಸ್ವಚ್ಛ' ಎಂಬ ಮಾತಿಗೆ ಇರುವ ಮಿತಿ ಮಾತ್ರ.

ಹೀಗಾಗಿ ತೀವ್ರವಾಗಿ ಸೋಂಕಿದ ಕಂಪ್ಯೂಟರನ್ನು ಹೊರಗಿನಿಂದಲೇ ನೋಡಬೇಕು. ಶುದ್ಧವಾದ ಬೇರೊಂದು ಯಂತ್ರದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವಿನಿಂದ ಅದನ್ನು ಶುರುಮಾಡಿದರೆ ಹಾರ್ಡ್ ಡಿಸ್ಕಿನಲ್ಲಿರುವ ವೈರಸ್ ಚಾಲನೆಗೇ ಬರುವುದಿಲ್ಲ, ಚಾಲನೆಗೆ ಬಾರದ್ದು ಸುಳ್ಳು ಹೇಳಲಾರದು. ಆ ಸ್ಥಿತಿಯಲ್ಲಿ ಫೋಟೋಗಳನ್ನೂ 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚಿಸಿದ ಕಾಗದಪತ್ರಗಳನ್ನೂ ಪ್ರತಿಮಾಡಿಕೊಂಡು, ಪ್ರೋಗ್ರಾಮುಗಳನ್ನು ಮಾತ್ರ ಒಂದನ್ನೂ ತರದೆ, ಡಿಸ್ಕನ್ನು ಅಳಿಸಿ ಕಾರ್ಯಾಚರಣೆ ವ್ಯವಸ್ಥೆಯನ್ನು ಹೊಸದಾಗಿ ಹಾಕುವುದೇ ಸರಿಯಾದ ದಾರಿ. ಒಂದೊಂದೇ ವೈರಸ್ಸನ್ನು ಹೆಕ್ಕುತ್ತ ರಾತ್ರಿ ಕಳೆಯುವುದು ಹವ್ಯಾಸವಾದೀತು, ಚಿಕಿತ್ಸೆಯಾಗದು. ಹೊಸದಾಗಿ ಹಾಕುವಾಗ ಹಳೆಯ ಆವೃತ್ತಿ ಬೇಡ: ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿದೆ. ಸೋಂಕು ಇನ್ನೂ ಹಗುರವಾಗಿದ್ದರೆ ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಉಚಿತ ಉಪಕರಣಗಳು ನೆರವಾಗಬಹುದು.

ಡಿಸ್ಕನ್ನು ಅಳಿಸಿದರೂ ಒಂದು ಕೆಲಸ ಉಳಿಯುತ್ತದೆ. ಸೋಂಕಿದ್ದ ಅವಧಿಯಲ್ಲಿ ಆ ಕೀಲಿಮಣೆಯಲ್ಲಿ ಬೆರಳಚ್ಚಾದ ಬ್ಯಾಂಕ್ ಮತ್ತು ಇಮೇಲ್ ಗುಪ್ತಪದಗಳೆಲ್ಲ ಹೊರಗೆ ಹೋಗಿವೆಯೆಂದೇ ಎಣಿಸಿ, ಅವನ್ನು ಬೇರೆ ಯಂತ್ರದಿಂದ ಅಂದೇ ಬದಲಿಸಬೇಕು. ಖಾತೆಯಿಂದ ಹಣ ಹೋಗಿರುವುದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.